ಕಿಟಕಿ ಅತ್ತೆಯ ನೋಟದ ಕ್ಲಾಸು

ಸಕ್ಕರೆಯ ಗಾಜಿನ ಭರಣಿ ಒಡೆದದ್ದು ಬೆಳಿಗ್ಗೆ ಏಳೂವರೆಗೆ. ಒಡೆದವರು ಯಾರು ಎಂಬುದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ: ಎಂಟು ವರ್ಷದ ಚಿಟ್ಟೆ ಮತ್ತು ಒಂದು ನೊಣ.

"ಯಾರೇ ಒಡೆದದ್ದು?" ಎಂದು ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದಳು.

ಬೇರೆ ಮಕ್ಕಳಾಗಿದ್ದರೆ "ನಾನಲ್ಲ" ಎನ್ನುತ್ತಿದ್ದವು. ಚಿಟ್ಟೆ ಏನೂ ಹೇಳಲಿಲ್ಲ. ಮೊದಲು ಕಣ್ಣು ಕೆಳಗಿಳಿಸಿದಳು. ಆಮೇಲೆ ನಿಧಾನವಾಗಿ, ಸೀಸೆಯಿಂದ ಜೇನು ಬಗ್ಗಿಸಿದ ಹಾಗೆ, ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು. ಹೊರಗೆ ಎಳೆ ಬಿಸಿಲು ಎದುರುಮನೆಯ ಗೋಡೆಯ ಮೇಲೆ ಹರಡಿಕೊಂಡಿತ್ತು. ಅದನ್ನೇ ನೋಡುತ್ತ ನಿಂತಳು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು. ಕಣ್ಣಂಚಿನಲ್ಲಿ ಒಂದು ಹನಿ ಬಂದು, ಬೀಳಲೋ ಬೇಡವೋ ಎಂದು ಯೋಚಿಸುತ್ತ ಅಲ್ಲೇ ಕೂತಿತು.

ಅಜ್ಜಿ ಇನ್ನೊಂದು ಸಲ ಕೇಳಿದಳು. ಮತ್ತೊಂದು ಸಲ ಕೂಗಿ ಕೇಳಿದಳು. ನಾಲ್ಕನೆಯ ಸಲ ಕೂಗಿದ್ದಕ್ಕೆ ಬೀದಿಯ ಕೊನೆಯ ಮನೆಯವರೂ "ಏನು?" ಎಂದು ಹೊರಗೆ ಬಂದರು. ಚಿಟ್ಟೆ ಮಾತ್ರ ಬಿಸಿಲನ್ನು ನೋಡುತ್ತಲೇ ಇದ್ದಳು.

"ಅಯ್ಯೋ, ಮಗೂಗೆ ಕಿವಿ ಹೋಗಿದೆ!" ಎಂದಳು ಅಜ್ಜಿ. ಭರಣಿ ಮರೆತೇ ಹೋಯಿತು.

ಕಿವಿ ಡಾಕ್ಟರು ಒಂದು ಕಿವಿಗೆ ಟಾರ್ಚು ಬಿಟ್ಟು ನೋಡಿದರು, ಇನ್ನೊಂದಕ್ಕೂ ಬಿಟ್ಟು ನೋಡಿದರು. "ನಿನ್ನ ಹೆಸರೇನು ಮರಿ?" ಎಂದು ಕೇಳಿದರು. ಚಿಟ್ಟೆ ಅವರ ಕಡೆ ನೋಡಿದಳು. ಆ ನೋಟದಲ್ಲಿ ಎಷ್ಟು ಕನಿಕರ ಇತ್ತೆಂದರೆ, ಡಾಕ್ಟರಿಗೆ ಬೆಳಿಗ್ಗೆ ಹೆಂಡತಿಯ ಜೊತೆ ಆಡಿದ ಮಾತೆಲ್ಲ ನೆನಪಾಯಿತು. ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು.

"ಕಿವಿ ಸರಿಯಾಗಿಯೇ ಇದೆ ಅಮ್ಮ," ಎಂದರು ಕೊನೆಗೆ. "ಆದ್ರೆ ಈ ವಾರ ಇಂಥದ್ದು ಇದು ಮೂರನೇದು. ಮೂರೂ ಮಕ್ಕಳು ಆ ಟೈಲರ್ ಅಂಗಡಿ ಮೇಲಿನ ಹಾಲ್‌ಗೆ ಹೋಗೋವೇ. ಅಲ್ಲೇನು ಹೇಳಿಕೊಡ್ತಾರೆ?"

ಅಜ್ಜಿಗೆ ಆಗ ಹೊಳೆಯಿತು.

ಆ ಹಾಲ್‌ನಲ್ಲಿ ಹೇಳಿಕೊಡುತ್ತಿದ್ದವರು ಕಿಟಕಿ ಅತ್ತೆ. ಅದು ಅವರಿಗೆ ಟೀವಿ ಕೊಟ್ಟ ಹೆಸರು. ಇಪ್ಪತ್ತೆರಡು ವರ್ಷ ಧಾರಾವಾಹಿಗಳಲ್ಲಿ ಪಾತ್ರ ಮಾಡಿದ್ದರು. ಮೊದಲು ನರ್ಸು, ಆಮೇಲೆ ಪಕ್ಕದ ಮನೆಯವಳು, ಆಮೇಲೆ ತಟ್ಟೆ ಹಿಡಿದು ಬಂದು ತಟ್ಟೆ ಇಟ್ಟು ಹೋಗುವವಳು. ಕೊನೆಯ ಹನ್ನೊಂದು ವರ್ಷ ಒಂದೇ ಧಾರಾವಾಹಿಯಲ್ಲಿ, ಒಂದೇ ದೊಡ್ಡ ಮನೆಯ ಒಂದೇ ಕಿಟಕಿಯ ಪಕ್ಕ, ಅತ್ತೆಯಾಗಿ ನಿಂತಿದ್ದರು. ಯಾರ ಅತ್ತೆ ಎಂಬುದು ಕತೆ ಬರೆಯುವವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ಮನೆಯ ಹಿರಿಮಗ ಆಸ್ತಿ ಕೇಳಿದಾಗ, ಕಿರಿಸೊಸೆ ಪೆಟ್ಟಿಗೆ ಹಿಡಿದು ಹೊರಟಾಗ, ಸತ್ತನೆಂದುಕೊಂಡವನು ಬಂದು ಬಾಗಿಲು ತಟ್ಟಿದಾಗ, ಕ್ಯಾಮೆರಾ ಒಬ್ಬೊಬ್ಬರ ಮುಖವನ್ನೂ ಮುಟ್ಟಿ ಕೊನೆಗೆ ಕಿಟಕಿಯ ಹತ್ತಿರ ಬರುತ್ತಿತ್ತು. ಅಲ್ಲಿ ಅತ್ತೆ ನೋಡುತ್ತಿದ್ದರು. ಅಷ್ಟೇ ಅವರ ಕೆಲಸ. ಸೆಟ್ಟಿನಲ್ಲಿ ಅದಕ್ಕೆ ರಿಯಾಕ್ಷನ್ ಎನ್ನುತ್ತಿದ್ದರು. ಅತ್ತೆ ಬೆಚ್ಚಿಬೀಳುವ ನೋಟ, ಗೊತ್ತಿದ್ದೂ ಗೊತ್ತಿಲ್ಲದ ನೋಟ, ಹೋಗುವವರನ್ನು ತಡೆಯಲಾರದ ನೋಟ, ಹೀಗೆ ಮೂವತ್ತಾರು ಬಗೆಯಲ್ಲಿ ನೋಡಬಲ್ಲವರಾಗಿದ್ದರು. ಒಂದು ದಿನ ಆ ಧಾರಾವಾಹಿಯಲ್ಲಿ ಯಾರೋ "ಅತ್ತೆ ಊರಿಗೆ ಹೋಗಿದ್ದಾರೆ" ಎಂದರು. ಆಮೇಲೆ ಅವರು ವಾಪಸು ಬರಲಿಲ್ಲ. ಹನ್ನೊಂದು ವರ್ಷ ಕಿಟಕಿಯ ಪಕ್ಕ ನಿಂತಿದ್ದವರು ಎಲ್ಲಿ ಹೋದರು ಎಂದು ಅಷ್ಟು ದೊಡ್ಡ ಕುಟುಂಬದಲ್ಲಿ ಒಬ್ಬರೂ ಕೇಳಲಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅವರ ಹೆಸರು ಪರದೆಯ ಮೇಲೆ ಬಂದಿರಲಿಲ್ಲ. "ಮತ್ತಿತರರು" ಎಂದು ಬರುತ್ತಿತ್ತು. ಮತ್ತಿತರರು ಎಂದರೆ ನಾನೇ ಎಂದು ಅತ್ತೆ ಬಹಳ ಕಾಲ ನಂಬಿಕೊಂಡಿದ್ದರು.

ಈಗ ಎರಡು ವರ್ಷದಿಂದ ಟೈಲರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಹನ್ನೊಂದು ಮಕ್ಕಳಿಗೆ ತಮಗೆ ಗೊತ್ತಿದ್ದದ್ದನ್ನು ಹೇಳಿಕೊಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ನೋಡುವುದು. ಸಂಜೆ ನಾಲ್ಕಕ್ಕೆ ಪಶ್ಚಿಮದ ಕಿಟಕಿಗಳಿಂದ ಬಿಸಿಲು ಓರೆಯಾಗಿ ಒಳಗೆ ಬರುತ್ತಿತ್ತು. ಕೆಳಗಿನ ಅಂಗಡಿಯಿಂದ ಹಾರಿ ಬಂದ ದಾರದ ಎಳೆಗಳು ಆ ಬಿಸಿಲಲ್ಲಿ ತೇಲುತ್ತಿದ್ದವು. ಮಕ್ಕಳು ಸಾಲಾಗಿ ನಿಂತು ಒಂದು ಎಳೆ ನೆಲ ಮುಟ್ಟುವವರೆಗೂ ಅದನ್ನೇ ನೋಡಬೇಕು. ಅದು ಮೊದಲನೇ ಪಾಠ. ಎರಡನೇ ಪಾಠ, ಒಬ್ಬರು ಮಾತಾಡಿ ಮುಗಿಸಿದ ಮೇಲೆ ಮೂರು ಎಣಿಸುವವರೆಗೂ ಏನೂ ಹೇಳಬಾರದು. "ಅವರ ಮಾತು ನಿಮ್ಮ ಒಳಗೆ ಇಳಿದು ಕೂತುಕೊಳ್ಳಲಿ. ಕೂತ ಮೇಲೆ ಮುಖ ತಾನೇ ಹೇಳುತ್ತೆ," ಎನ್ನುತ್ತಿದ್ದರು. ಮಕ್ಕಳು ಈ ಪಾಠವನ್ನು ಮನೆಗೂ ತೆಗೆದುಕೊಂಡು ಹೋಗುತ್ತಾರೆಂದು ಅವರು ಯೋಚಿಸಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಕಲಾ ಮಂಡಳಿಯ ಅಧಿಕಾರಿ ಬರುವುದಿತ್ತು. ಹಾಲ್ ಮಂಡಳಿಯದು; ಅವರು ಒಪ್ಪಿದರೆ ಅದು ಮೂರು ವರ್ಷ ಕ್ಲಾಸಿಗೆ. ಒಪ್ಪದಿದ್ದರೆ ಟೈಲರಿಗೆ. ಮಂಡಳಿಯಿಂದ ಬಂದ ಆದೇಶದ ಪ್ರತಿಯಲ್ಲಿ "ಶಿಕ್ಷಕರ ಹೆಸರು" ಎಂದು ಅಚ್ಚಾಗಿ, ಅದರ ಮುಂದೆ ಉದ್ದಕ್ಕೆ ಚುಕ್ಕಿಗಳಿದ್ದವು. "ತಪಾಸಣೆಯ ನಂತರ ಅಧಿಕಾರಿಗಳು ತುಂಬುವುದು" ಎಂದು ಕೆಳಗೆ ಬರೆದಿತ್ತು. ಅತ್ತೆ ದಿನಕ್ಕೆ ಹತ್ತು ಸಲ ಆ ಚುಕ್ಕಿಗಳನ್ನು ನೋಡುತ್ತಿದ್ದರು. ಮೂವತ್ತೇಳನೇ ಬಗೆಯ ನೋಟ ಅದು.

ತೊಂದರೆ ಇದ್ದದ್ದು ಒಂದೇ. ಶಿಕ್ಷಕರು ತಮ್ಮ ಪಾಠದ ಬಗ್ಗೆ ಅಧಿಕಾರಿಗಳ ಮುಂದೆ ಹತ್ತು ನಿಮಿಷ ಮಾತಾಡಬೇಕಿತ್ತು.

ಮಾಮೂಲಿ ಮಾತಿಗೆ ಅತ್ತೆಗೆ ಏನೂ ಅಡ್ಡಿಯಿರಲಿಲ್ಲ. ಯಾರಾದರೂ ಎದುರು ಕೂತು "ಹೂಂ, ಹೇಳಿ" ಎಂದು ಕಾದರೆ ಮುಗಿಯಿತು, ನಾಲಿಗೆ ಒಣಗಿದ ಎಲೆಯಾಗುತ್ತಿತ್ತು. ಅವರ ಸೆಟ್ಟಿನಲ್ಲಿ ಯಾರೂ ಮಾತು ಬಾಯಿಪಾಠ ಮಾಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕ ಒಬ್ಬ ಕಾಗದ ಹಿಡಿದು ಕೂತು ಒಂದೊಂದೇ ಸಾಲು ಹೇಳಿಕೊಡುತ್ತಿದ್ದ, ನಟರು ಕಿವಿಯಿಂದ ತೆಗೆದುಕೊಂಡು ಬಾಯಿಂದ ಬಿಡುತ್ತಿದ್ದರು. ತಮಗೆ ಸಿಕ್ಕ ನಾಲ್ಕಾರು ಸಾಲನ್ನೂ ಇಪ್ಪತ್ತೆರಡು ವರ್ಷ ಹಾಗೇ ಹೇಳಿ ಹೇಳಿ ಅತ್ತೆಯ ಬಾಯಿಗೆ ಕಿವಿಯ ಅಪ್ಪಣೆ ಬೇಕಾಗಿತ್ತು. ಹೇಳಬೇಕಾದ್ದನ್ನೆಲ್ಲ ಮೂರು ವಾರ ಕೂತು ತಾವೇ ಬರೆದಿದ್ದರು. ಆರು ಪುಟ. ಬರೆದದ್ದು ಚೆನ್ನಾಗಿಯೇ ಇತ್ತು. ಅದನ್ನು ಹೇಳಲು ಯಾರಾದರೂ ಹೇಳಿಕೊಡಬೇಕಿತ್ತು.

ಅದಕ್ಕೇ ಅವರು ಪಿಸುಗುಟ್ಟಪ್ಪನನ್ನು ಹುಡುಕಿಕೊಂಡು ಹೋದರು. ಸೆಟ್ಟಿನಲ್ಲಿ ಕಾಗದ ಹಿಡಿದು ಕೂರುತ್ತಿದ್ದವನು ಅವನೇ. ಈಗ ಮುಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಆಗಲೂ ಈಗಲೂ ಬೇರೆಯವರು ಬರೆದದ್ದಕ್ಕೆ ಪ್ರತಿ ಮಾಡಿಕೊಡುವುದೇ ಅವನ ಕಸುಬು. ಕಿವಿಯ ಹಿಂದೆ ಪೆನ್ನು, ಮೂಗಿನ ತುದಿಯಲ್ಲಿ ಕನ್ನಡಕ, ದಪ್ಪ ಗಂಟಲು. ಅವನು ಪಿಸುಗುಟ್ಟಿದರೆ ಹೊರಗೆ ನಿಂತ ವ್ಯಾನಿನ ಡ್ರೈವರಿಗೂ ಕೇಳುತ್ತಿತ್ತು.

ಮಧ್ಯಾಹ್ನ ಎರಡಕ್ಕೆ ಅವನು ಅಂಗಡಿಯ ಬಾಗಿಲೆಳೆದು ಬಂದ. ಹಾಲ್‌ನ ಒಂದು ಕೊನೆಗೆ ಕಟ್ಟಿದ್ದ ನೀಲಿ ಪರದೆಯ ಹಿಂದೆ ಅವನನ್ನು ನಿಲ್ಲಿಸಿ ಅತ್ತೆ ಅಭ್ಯಾಸ ಮಾಡಿದರು.

"ನೋಡುವುದೂ ನಟನೆಯೇ," ಎಂದ ಪರದೆಯ ಹಿಂದಿನಿಂದ ಪಿಸುಗುಟ್ಟಪ್ಪ.

"ನೋಡುವುದೂ ನಟನೆಯೇ," ಎಂದರು ಅತ್ತೆ, ಮುಖ ಅರಳಿಸಿ. ಬಾಯಿಯ ಬೀಗ ತೆರೆದ ಹಾಗಾಯಿತು.

"ಇಲ್ಲಿ ಸ್ವಲ್ಪ ನಗಬೇಕು."

"ಅದನ್ನ ಹೇಳಬೇಡ್ವೋ! ಅದು ನಾನು ನನಗೇ ಬರೆದುಕೊಂಡದ್ದು."

"ಕಾಗದದಲ್ಲಿದ್ರೆ ಹೇಳಲೇಬೇಕು ಅಕ್ಕ. ನನ್ನ ಕಡೆಯಿಂದ ಒಂದು ಅಕ್ಷರ ಬಿಟ್ಟುಹೋಯ್ತು ಅಂತ ಇವತ್ತಿನವರೆಗೂ ಯಾರೂ ಹೇಳಿಲ್ಲ."

"ಸ್ವಲ್ಪ ಮೆಲ್ಲಗಾದ್ರೂ ಹೇಳು ಮಾರಾಯ. ಅವರಿಗೆ ಕೇಳಿಸಿದ್ರೆ ನನ್ನ ಮರ್ಯಾದೆ ಏನಾಗಬೇಡ? ಹೇಳಿಕೊಡದೆ ಬಾಯಿ ಬಿಡೋಕೆ ಬಾರದವಳು ಮಕ್ಕಳಿಗೇನು ಕಲಿಸ್ತಾಳೆ ಅನ್ನಲ್ವಾ?"

"ಮೆಲ್ಲಗೇ ಹೇಳ್ತಿದ್ದೀನಲ್ಲ," ಎಂದ ಅವನು. ಕೆಳಗಿನ ಅಂಗಡಿಯಲ್ಲಿ ಟೈಲರ್ ಹೊಲಿಗೆ ನಿಲ್ಲಿಸಿ ಮೇಲೆ ನೋಡಿದ.

ಟೈಲರ್ ಒಬ್ಬನೇ ಇರಲಿಲ್ಲ. ಚಿಟ್ಟೆಯ ಅಜ್ಜಿಯೂ, ಕಿವಿ ಡಾಕ್ಟರ ಹತ್ತಿರ ಹೋಗಿಬಂದ ಇನ್ನಿಬ್ಬರು ಮಕ್ಕಳ ತಾಯಂದಿರೂ ಅವನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು.

"ನಮ್ಮವನು ಮೊನ್ನೆ ಸ್ಕೂಲಲ್ಲಿ ಮೇಷ್ಟ್ರು ಏಳೆಂಟಲೆ ಎಷ್ಟೋ ಅಂದ್ರೆ ಅವರನ್ನೇ ನೋಡ್ತಾ ನಿಂತನಂತೆ," ಎಂದಳು ಒಬ್ಬ ತಾಯಿ. "ಮೇಷ್ಟ್ರಿಗೆ ಅಳು ಬಂದುಬಿಡ್ತಂತೆ."

"ನಮ್ಮ ಮನೇಲಿ ಊಟಕ್ಕೆ ಕರೆದ್ರೆ ತಿರುಗಿ ನೋಡೋದೇ ಐದು ನಿಮಿಷ. ಅಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತೆ," ಎಂದಳು ಇನ್ನೊಬ್ಬಳು.

ಟೈಲರ್ ಕೊರಳಿನ ಟೇಪನ್ನು ಎಳೆದು ಸರಿಮಾಡಿಕೊಂಡ. ಮೇಲಿನ ಹಾಲ್‌ನಲ್ಲಿ ಆರು ಮಿಷನ್ನು ಹಾಕಬಹುದೋ ಎಂಟೋ ಎಂದು ಅವನು ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದ.

"ನಾನು ಮೊದಲೇ ಹೇಳಿದ್ನಲ್ಲಮ್ಮ, ಆ ಹಾಲ್ ಗಾಳಿಯೇ ಸರಿಯಿಲ್ಲ," ಎಂದ. "ಮಕ್ಕಳಿಗಾಗೋದಿಲ್ಲ. ಮಿಷನ್ನಿಗಾದ್ರೆ ಪರವಾಗಿಲ್ಲ, ಅವಕ್ಕೆ ಕಿವಿಯಿಲ್ಲ. ನಾಲ್ಕಕ್ಕೆ ಅಧಿಕಾರಿ ಮೇಡಂ ಬರ್ತಾರೆ. ಅವರ ಎದುರೇ ಹೇಳಿ. ನಾನೂ ಜೊತೇಲಿ ಬರ್ತೀನಿ."

ಅಧಿಕಾರಿ ಮೇಡಂ ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದರು. ಗುಂಡಗಿದ್ದರು, ದಣಿದಿದ್ದರು. ಕಂಕುಳಲ್ಲಿ ಒಂದು ಫೈಲು, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಬೆಳಿಗ್ಗೆಯಿಂದ ನಾಲ್ಕು ಕ್ಲಾಸು ನೋಡಿ ಬಂದಿದ್ದರಂತೆ, ಎಲ್ಲ ಕಡೆ ಮಾತು ಕೇಳಿ ಕೇಳಿ ತಲೆ ಗಿರಣಿಯಾಗಿತ್ತಂತೆ. ಮೆಟ್ಟಿಲು ಹತ್ತಿ ಬಂದವರು ಬಾಗಿಲಲ್ಲೇ ನಿಂತರು.

ಹಾಲ್‌ನಲ್ಲಿ ಸದ್ದೇ ಇರಲಿಲ್ಲ. ಹನ್ನೊಂದು ಮಕ್ಕಳು ಸಾಲಾಗಿ ನಿಂತು ಒಂದು ಹಳದಿ ದಾರದ ಎಳೆಯನ್ನು ನೋಡುತ್ತಿದ್ದರು. ಅದು ಬಿಸಿಲಿನ ಪಟ್ಟಿಯೊಳಗೆ ಬಂತು, ಮಿನುಗಿತು, ಹೊರಗೆ ಹೋಗಿ ಮಾಯವಾಯಿತು, ಮತ್ತೆ ಬಂತು. ಯಾರೋ ನಿದ್ದೆಯಲ್ಲಿ ಬರೆಯುತ್ತಿರುವ ಗೆರೆಯ ಹಾಗೆ ಕೆಳಗಿಳಿಯಿತು. ಅಧಿಕಾರಿ ಮೇಡಂ ತಾವೂ ಅದನ್ನೇ ನೋಡುತ್ತ ನಿಂತುಬಿಟ್ಟರು. ಕಂಕುಳಿನ ಫೈಲು ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಆಗಲೇ ಅವರಿಗೆ ಎಚ್ಚರವಾದದ್ದು.

"ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ," ಎಂದರು ಅತ್ತೆಯ ಕಡೆ ತಿರುಗಿ. "ಬ್ಯಾಂಕಲ್ಲಾ?"

ಎಲ್ಲರೂ ಹಾಗೇ ಕೇಳುತ್ತಿದ್ದರು. ಬ್ಯಾಂಕು, ಆಸ್ಪತ್ರೆ, ಇಲ್ಲವೇ ಯಾವುದೋ ಮದುವೆ. ಅತ್ತೆ ಬಾಯಿ ತೆರೆದರು. ಅಧಿಕಾರಿ ಉತ್ತರಕ್ಕೆ ಕಾದರು. ನಾಲಿಗೆ ಎಲೆಯ ಹಾಗೆ ಒಣಗಿತು.

"ಬನ್ನಿ, ದಯವಿಟ್ಟು ಕೂತುಕೊಳ್ಳಿ," ಎಂದಿತು ಪರದೆ. ಅದು ಮೊದಲ ಪುಟದ ಮೊದಲ ಸಾಲು.

"ಬನ್ನಿ, ದಯವಿಟ್ಟು ಕೂತುಕೊಳ್ಳಿ," ಎಂದರು ಅತ್ತೆ.

ಅಧಿಕಾರಿ ಮೇಡಂ ಪರದೆಯ ಕಡೆ ನೋಡಿದರು. ಅತ್ತೆಯ ಕಡೆ ನೋಡಿದರು. ಕೂತು, ಫೈಲಿನಲ್ಲಿ ಏನೋ ಬರೆದುಕೊಂಡರು. ಅತ್ತೆ, ಸಿಕ್ಕಿಬಿದ್ದೆ ಎಂದುಕೊಂಡರು.

"ನೋಡುವುದೂ ನಟನೆಯೇ," ಎಂದಿತು ಪರದೆ, ಖಾಲಿ ಹಾಲ್‌ನಲ್ಲಿ ಗಂಟೆ ಹೊಡೆದ ಹಾಗೆ.

"ನೋಡುವುದೂ ನಟನೆಯೇ," ಎಂದರು ಅತ್ತೆ, ಅದರ ಮುಂದೆ ಗುಬ್ಬಿಯ ದನಿಯಲ್ಲಿ.

"ಇಲ್ಲಿ ಸ್ವಲ್ಪ ನಗಬೇಕು."

ಅತ್ತೆ ನಕ್ಕರು. ಬೇರೆ ದಾರಿ ಇರಲಿಲ್ಲ.

"ಒಬ್ಬರು ಅಳುವಾಗ ಅದನ್ನು ನೋಡುವ ಇನ್ನೊಂದು ಮುಖ ಬೇಕು," ಎಂದಿತು ಪರದೆ. "ಆ ಮುಖ ಇಲ್ಲದಿದ್ದರೆ ಅಳುವವರು ಗೋಡೆಗೆ ಅತ್ತ ಹಾಗೆ."

ಅತ್ತೆ ಅದನ್ನೂ ಹೇಳಿದರು. ಅಧಿಕಾರಿ ಮೇಡಂ ಪೆನ್ನು ಕೆಳಗಿಟ್ಟು ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು. ಅವರ ಕಣ್ಣು ಮಾತ್ರ ಆಗಾಗ ಪರದೆಯ ಕಡೆಗೇ ಹೋಗುತ್ತಿತ್ತು. ಅದನ್ನು ನೋಡಿ ಅತ್ತೆಗೆ ನೆಲದ ಕೆಳಗೆ ಟೈಲರ್ ಅಂಗಡಿ ಇಲ್ಲದಿದ್ದರೆ ಇಳಿದುಹೋಗಬಹುದಿತ್ತಲ್ಲ ಎನಿಸಿತು.

ಮೂರನೇ ಪುಟಕ್ಕೆ ಬಂದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಜ್ಜಿ, ಇಬ್ಬರು ತಾಯಂದಿರು, ಹಿಂದೆ ಟೈಲರ್.

"ಮೇಡಂ, ಈ ಕ್ಲಾಸಿಗೆ ಬಂದು ನಮ್ಮ ಮಕ್ಕಳಿಗೆ ಕಿವಿ ಕೇಳಿಸ್ತಿಲ್ಲ!" ಎಂದಳು ಅಜ್ಜಿ, ಏದುಸಿರು ಬಿಡುತ್ತ.

"ಏನು?"

"ಕಿವಿ! ಮಾತಾಡಿಸಿದ್ರೆ ಉತ್ತರ ಕೊಡಲ್ಲ. ಹೀಗೆ ನೋಡ್ತವೆ." ಅಜ್ಜಿ ತಾನೂ ಕಿಟಕಿಯ ಕಡೆ ತಿರುಗಿ ನೋಡಿ ತೋರಿಸಿದಳು. ಬರಲಿಲ್ಲ. ಕುತ್ತಿಗೆ ಉಳುಕಿದವಳ ಹಾಗೆ ಕಂಡಿತು.

"ಮಕ್ಕಳ ಆರೋಗ್ಯದ ವಿಷಯ ಮೇಡಂ," ಎಂದ ಟೈಲರ್, ಗಂಭೀರವಾಗಿ. ಹೇಳುತ್ತಲೇ ಕಾಲಿನಿಂದ ಗೋಡೆಯ ಉದ್ದ ಅಳೆಯುತ್ತಿದ್ದ.

ಅತ್ತೆ ಪರದೆಯ ಕಡೆ ನೋಡಿದರು. ಪರದೆ ಸುಮ್ಮನಿತ್ತು. ಇದು ಯಾವ ಪುಟದಲ್ಲೂ ಇರಲಿಲ್ಲ.

ಅಧಿಕಾರಿ ಮೇಡಂ ಎದ್ದು ಹಾಲ್‌ನ ಇನ್ನೊಂದು ಕೊನೆಗೆ ಹೋದರು. ಎಲ್ಲರಿಗೂ ಬೆನ್ನು ಮಾಡಿ ನಿಂತು, ಗೋಡೆಗೆ ಗುಟ್ಟು ಹೇಳುವವರ ಹಾಗೆ, "ಯಾರಿಗೆ ಬಿಸ್ಕತ್ತು ಬೇಕು?" ಎಂದು ಬಾಯೊಳಗೇ ಅಂದರು.

ಅಜ್ಜಿಗೆ ಅದು ಕೇಳಿಸಲಿಲ್ಲ. ತಾಯಂದಿರಿಗೂ ಕೇಳಿಸಲಿಲ್ಲ. ಹಾಲ್‌ನಲ್ಲಿ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಮೌನ. ಆಮೇಲೆ ಹನ್ನೊಂದು ಕೈಗಳು ಒಟ್ಟಿಗೆ, ನೀರಿನೊಳಗಿಂದ ಎದ್ದ ಹಾಗೆ, ಮೇಲೆ ಬಂದವು.

"ಇವಕ್ಕೆ ಕಿವಿ ಹೋಗಿಲ್ಲಮ್ಮ," ಎಂದರು ಅಧಿಕಾರಿ ಮೇಡಂ ತಿರುಗಿ. "ಇಷ್ಟು ಚೆನ್ನಾಗಿ ಕೇಳೋ ಮಕ್ಕಳನ್ನ ನಾನು ನೋಡೇ ಇಲ್ಲ. ನನ್ನ ಆಫೀಸಲ್ಲಿ ಕೂಗಿ ಹೇಳಿದ್ರೂ ಒಬ್ಬರೂ ತಲೆ ಎತ್ತಲ್ಲ."

ಚಿಟ್ಟೆ ಬಿಸ್ಕತ್ತು ಕಚ್ಚುತ್ತ ಅಜ್ಜಿಯನ್ನು ನೋಡಿದಳು. ಅಜ್ಜಿಗೆ ನಾಚಿಕೆಯಾಯಿತು. ಒಲೆಯ ಮೇಲೆ ಏನೋ ಇಟ್ಟು ಬಂದ ನೆನಪಾಗಿ ಮೆಟ್ಟಿಲಿಳಿದಳು. ತಾಯಂದಿರಿಗೂ ಒಲೆಯ ನೆನಪಾಯಿತು. ಟೈಲರ್ ಒಬ್ಬ ಉಳಿದ. ಅವನಿಗೆ ಇನ್ನೂ ಅಗಲ ಅಳೆಯುವುದಿತ್ತು.

"ಒಂದೇ ಒಂದು ಪ್ರಶ್ನೆ," ಎಂದರು ಅಧಿಕಾರಿ ಮೇಡಂ, ಮತ್ತೆ ಕೂತು. "ಎಲ್ಲ ಕಡೆ ಮಕ್ಕಳಿಗೆ ಮಾತು ಕಲಿಸ್ತಾರೆ. ಇಲ್ಲಿ ಯಾಕೆ ಕೇಳೋದು ಕಲಿಸ್ತೀರಿ?"

ಅತ್ತೆಗೆ ಅದರ ಉತ್ತರ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಅದು ಎದೆಯಿಂದ ಗಂಟಲಿಗೆ ಬಂದು, ಅಲ್ಲಿ ಬಾಗಿಲು ಮುಚ್ಚಿದ್ದು ನೋಡಿ ನಿಂತಿತು. ಅಧಿಕಾರಿ ಕಾದರು. ಮಕ್ಕಳು ಕಾದರು. ಪರದೆಯ ಹಿಂದೆ ಪುಟಗಳು ಸರಬರ ಮಗುಚಿದವು. ಪಿಸುಗುಟ್ಟಪ್ಪ ಗಾಬರಿಯಲ್ಲಿ ಕೈಗೆ ಸಿಕ್ಕ ಪುಟ ತೆರೆದು, ಕಣ್ಣಿಗೆ ಬಿದ್ದ ಸಾಲು ಓದಿದ.

"ಎಲ್ಲರೂ ಮಾತಾಡುವ ಮನೆಯಲ್ಲಿ ಒಬ್ಬರಾದರೂ ಕಿಟಕಿಯ ಹತ್ತಿರ ನಿಂತಿರಬೇಕು. ಇಲ್ಲದಿದ್ದರೆ ಆ ಮನೆಯಲ್ಲಿ ಏನು ನಡೆಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ."

ಅತ್ತೆ ಅದನ್ನು ಹೇಳಿದರು. ಅವರ ಕಣ್ಣಂಚಿಗೆ ಬಂದದ್ದು ಮೂವತ್ತಾರು ಬಗೆಗಳಲ್ಲಿ ಯಾವುದೂ ಆಗಿರಲಿಲ್ಲ.

ಅಧಿಕಾರಿ ಮೇಡಂ ಎದ್ದರು. ಅತ್ತೆಯನ್ನು ದಾಟಿ ನೆಟ್ಟಗೆ ಪರದೆಯ ಕಡೆ ನಡೆದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಪರದೆಯ ಬಳೆಗಳು ತಂತಿಯ ಮೇಲೆ ಸರ್ರೆಂದು ಸರಿದವು.

ಪಿಸುಗುಟ್ಟಪ್ಪ ಕಾಗದಗಳನ್ನು ಎದೆಗೊತ್ತಿಕೊಂಡು, ಕಿವಿಯ ಹಿಂದೆ ಪೆನ್ನು, ಮೂಗಿನ ತುದಿಯಲ್ಲಿ ಕನ್ನಡಕ, ಅಡಗಿದ್ದ ಬೆಕ್ಕಿನ ಹಾಗೆ ನಿಂತಿದ್ದ.

"ಓಹೋ," ಎಂದರು ಅಧಿಕಾರಿ ಮೇಡಂ. "ನೀವೇನಾ!"

ಪಿಸುಗುಟ್ಟಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡ.

"ಬಂದಾಗಿನಿಂದ ನೋಡ್ತಿದ್ದೀನಿ," ಎಂದರು ಅಧಿಕಾರಿ ಮೇಡಂ. ಅವರ ದನಿ ಮೆತ್ತಗಾಗಿತ್ತು. "ಬೆಳಿಗ್ಗೆಯಿಂದ ನಾಲ್ಕು ಟೀಚರುಗಳನ್ನ ನೋಡಿದೆ. ನಾಲ್ಕೂ ಜನ ಮಕ್ಕಳನ್ನ ಹಿಂದೆ ನಿಲ್ಲಿಸಿ ತಾವೇ ಮುಂದೆ ನಿಂತು ಮೆರೆದ್ರು. ನೀವೊಬ್ಬರು ಪರದೆ ಹಿಂದೆ ನಿಂತು, ಒಂದೊಂದೇ ಸಾಲು ಹೇಳಿಕೊಟ್ಟು, ಈ ವಯಸ್ಸಿನಲ್ಲಿ ಕಲಿಯೋಕೆ ಬಂದಿರೋ ಈ ಅಮ್ಮನ ಬಾಯಲ್ಲಿ ಹೇಳಿಸಿದ್ರಲ್ಲ! ಎಲ್ಲಿ ನಗಬೇಕು ಅನ್ನೋದನ್ನೂ ಬಿಡದೆ ಹೇಳಿಕೊಟ್ರಿ. ಪಾಠ ಅಂದ್ರೆ ಇದು."

ಅತ್ತೆ ಕಣ್ಣು ತೆರೆದರು.

ಅಧಿಕಾರಿ ಮೇಡಂ ಅಷ್ಟರಲ್ಲಿ ಫೈಲು ಬಿಚ್ಚಿ, ಆದೇಶವನ್ನು ಗೋಡೆಗೆ ಒತ್ತಿ ಹಿಡಿದು, "ನಿಮ್ಮ ಹೆಸರು?" ಎಂದರು.

ಇಪ್ಪತ್ತು ವರ್ಷ ಬೇರೆಯವರು ಬರೆದದ್ದನ್ನೇ ಹೇಳಿದವನಿಗೆ ತನ್ನದೇ ಮಾತು ಎಲ್ಲಿಂದ ಬರಬೇಕು? ಪಿಸುಗುಟ್ಟಪ್ಪ ಕೈಯ ಕಾಗದ ನೋಡಿದ. ಅದರಲ್ಲಿ ಅವನ ಹೆಸರು ಇರಲಿಲ್ಲ. ಸೆಟ್ಟಿನಲ್ಲಿ ನಟರು ಅವನ ಕಡೆ ನೋಡುತ್ತಿದ್ದ ಹಾಗೆ ಅವನು ಅತ್ತೆಯ ಕಡೆ ನೋಡಿದ.

"ಇವರು ಜೆರಾಕ್ಸ್ ಅಂಗಡಿಯವರು ಮೇಡಂ," ಎಂದ ಟೈಲರ್ ಮುಂದೆ ಬಂದು. ಅವನ ತಲೆ ಮಿಷನ್ನಿಗಿಂತ ಜೋರಾಗಿ ಓಡುತ್ತಿತ್ತು. ಇವನು ಟೀಚರಾದರೆ ದಿನವಿಡೀ ಅಂಗಡಿಯಲ್ಲಿರುತ್ತಾನೆ, ಹಾಲ್ ಖಾಲಿ ಬಿದ್ದಿರುತ್ತದೆ. "ಬಹಳ ಒಳ್ಳೆಯವರು. ಇವರ ಹೆಸರು ನಾನು ಹೇಳ್ತೀನಿ, ಬರೆದುಕೊಳ್ಳಿ." ಹೇಳಿಯೇಬಿಟ್ಟ.

"ಹೊಟ್ಟೆಪಾಡಿಗೆ ಜೆರಾಕ್ಸು, ಮನಸ್ಸಿಗೆ ಮಕ್ಕಳು," ಎಂದು ಅಧಿಕಾರಿ ಮೇಡಂ ಚುಕ್ಕಿಗಳ ಮೇಲೆ ಬರೆಯುತ್ತ ನಿಟ್ಟುಸಿರು ಬಿಟ್ಟರು. "ಇಂಥವರು ಈಗೆಲ್ಲಿ ಸಿಗ್ತಾರೆ!"

ಅತ್ತೆ ಸರಸರನೆ ಪಿಸುಗುಟ್ಟಪ್ಪನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದರು: "ಟೀಚರ್ ನಾನಲ್ಲ, ಇವರು ಅನ್ನು. ಇಲ್ಲಿರೋದೆಲ್ಲ ಇವರೇ ಬರೆದದ್ದು ಅನ್ನು."

ಪಿಸುಗುಟ್ಟಪ್ಪನ ಮುಖ ಬೆಳಗಿತು. ಸಾಲು ಸಿಕ್ಕಿತ್ತು. "ಟೀಚರ್ ನಾನಲ್ಲ, ಇವರು. ಇಲ್ಲಿರೋದೆಲ್ಲ ಇವರೇ ಬರೆದದ್ದು," ಎಂದು ಒಂದಕ್ಷರ ಬಿಡದೆ, ಒಂದು ಭಾವವಿಲ್ಲದೆ ಹೇಳಿದ.

ಅಧಿಕಾರಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದ್ರಾ!" ಎಂದರು ಟೈಲರಿಗೆ. "ತಮ್ಮ ಹತ್ತಿರ ಕಲಿಯೋರನ್ನೇ ಟೀಚರ್ ಅಂತಾರೆ. ಎಂಥ ವಿನಯ!"

"ಮೊದಲಿನಿಂದಲೂ ಹಾಗೇ ಮೇಡಂ ಇವರು," ಎಂದ ಟೈಲರ್.

ಅತ್ತೆ ಅಧಿಕಾರಿಯ ಎದುರು ಹೋಗಿ ನಿಂತರು. ಈಗ ತಾವೇ ಹೇಳಬೇಕಿತ್ತು. ಬಾಯಿ ತೆರೆದರು. ಅಧಿಕಾರಿ ಮೇಡಂ ಪ್ರೀತಿಯಿಂದ "ಹೂಂ, ಹೇಳಿಮ್ಮ" ಎಂದು ಕಾದರು. ಹೇಳಿಕೊಡಬೇಕಾದವನು ಬಾಯಿ ಕಳೆದುಕೊಂಡು ನಿಂತಿದ್ದ. ಬಿಸಿಲಿನ ಪಟ್ಟಿ ಗೋಡೆಯ ಮೇಲೆ ಒಂದು ಗೇಣು ಮೇಲೇರಿತು. ಕಾಲ ಹೋಗುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು.

ಆಗ ಕೆಳಗಿನಿಂದ, ಅವರ ಮೊಣಕೈಯ ಹತ್ತಿರದಿಂದ, ಬಿಸ್ಕತ್ತಿನ ವಾಸನೆಯ ಜೊತೆ ಒಂದು ಪಿಸುಮಾತು ಬಂತು. ಚಿಟ್ಟೆ.

"ಅತ್ತೆ, 'ನಾನೇ ಟೀಚರ್' ಅನ್ನಿ."

"ನಾನೇ ಟೀಚರ್!" ಎಂದರು ಅತ್ತೆ. ಅಷ್ಟು ಗಟ್ಟಿಯಾಗಿ ಅವರು ಜೀವನದಲ್ಲೇ ಮಾತಾಡಿರಲಿಲ್ಲ.

ಅಧಿಕಾರಿ ಮೇಡಂ ಚಿಟ್ಟೆಯನ್ನು ನೋಡಿದರು. ಅತ್ತೆಯನ್ನು ನೋಡಿದರು. ಅವರ ಮುಖ ತುಂಬಿಬಂತು. ಅತ್ತೆಯ ಎರಡೂ ಕೈ ಹಿಡಿದುಕೊಂಡರು.

"ಆಗ್ತೀರಿ," ಎಂದರು. "ಖಂಡಿತ ಆಗ್ತೀರಿ. ಇಷ್ಟು ಆಸೆ ಇರೋವಾಗ ಯಾಕಾಗಲ್ಲ? ಇವರು ಹೇಳಿಕೊಟ್ಟ ಹಾಗೆ ಇನ್ನೊಂದೆರಡು ವರ್ಷ ಶ್ರದ್ಧೆಯಿಂದ ಕಲೀರಿ."

ಆದೇಶವನ್ನು ಪಿಸುಗುಟ್ಟಪ್ಪನ ಕೈಗೆ ಕೊಟ್ಟು, ಉಳಿದ ಬಿಸ್ಕತ್ತನ್ನು ಅತ್ತೆಯ ಕೈಗೆ ಕೊಟ್ಟು, ಮುಂದಿನ ತಿಂಗಳು ಬೇರೆ ಕ್ಲಾಸಿನ ಟೀಚರುಗಳನ್ನೆಲ್ಲ ಕರೆದುಕೊಂಡು ಬಂದು ಸರ್ ಪಾಠ ತೋರಿಸುತ್ತೇನೆಂದು 'ಸರ್' ಎಂಬುದನ್ನು ಒತ್ತಿ ಹೇಳಿ, ಅಧಿಕಾರಿ ಮೇಡಂ ಮೆಟ್ಟಿಲಿಳಿದು ಹೋದರು. ಟೈಲರ್ ಅವರ ಫೈಲು ಹಿಡಿದುಕೊಂಡು ಹಿಂದೆಯೇ ಹೋದ.

ಹಾಲ್ ಮತ್ತೆ ಸುಮ್ಮನಾಯಿತು. ದಾರದ ಎಳೆಗಳು ಏನೂ ಆಗದವರ ಹಾಗೆ ತೇಲುತ್ತಿದ್ದವು. ಪಿಸುಗುಟ್ಟಪ್ಪ ಆದೇಶವನ್ನು ಸುಡುವ ಪಾತ್ರೆಯ ಹಾಗೆ ಎರಡು ಬೆರಳಲ್ಲಿ ಹಿಡಿದಿದ್ದ.

"ಅಕ್ಕ, ಹೀಗಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ," ಎಂದ. "ನಾಳೆ ಬೆಳಿಗ್ಗೆ ಅವರ ಆಫೀಸಿಗೇ ಹೋಗಿ ಎಲ್ಲ ನಿಜ ಹೇಳಿಬಿಡ್ತೀನಿ. ನೀವು ಬರೆದುಕೊಡಿ."

"ಬರೆದುಕೊಡ್ತೀನಿ."

"ಓದೋಕಾಗಲ್ಲ ಅಕ್ಕ, ಎದುರಿಗೆ ಅವರಿದ್ರೆ ಅಕ್ಷರವೇ ಕಾಣಲ್ಲ. ನೀವು ಬಾಗಿಲ ಹಿಂದೆ ನಿಂತು ಹೇಳಿಕೊಡಿ."

ಅತ್ತೆ ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು.

ಮಕ್ಕಳು ಚೀಲ ಹೆಗಲಿಗೇರಿಸಿ ಒಬ್ಬೊಬ್ಬರಾಗಿ ಹೊರಟರು. ಚಿಟ್ಟೆ ಬಾಗಿಲ ತನಕ ಹೋದವಳು ನಿಂತಳು. ಈ ಹಾಲ್‌ನಲ್ಲಿ ಇನ್ನು ಯಾರನ್ನು ಏನೆಂದು ಕರೆಯಬೇಕು ಎಂದು ಅವಳು ದೊಡ್ಡವರ ಮಾತಿನಿಂದ ಕೇಳಿ ತಿಳಿದುಕೊಂಡಿದ್ದಳು. ಕೇಳುವುದರಲ್ಲಿ ಅವಳೇ ಮೊದಲನೆಯವಳು.

"ಸರ್, ನಾಳೆ ಕ್ಲಾಸ್ ಇದೆಯಾ?" ಎಂದು ಪಿಸುಗುಟ್ಟಪ್ಪನನ್ನು ಕೇಳಿದಳು.

ಪಿಸುಗುಟ್ಟಪ್ಪ ಕಣ್ಣು ಕಣ್ಣು ಬಿಟ್ಟ. ಒಂದು, ಎರಡು, ಮೂರು.

"ಇದೆ ಅನ್ನು," ಎಂದು ಅತ್ತೆ ಮೆಲ್ಲಗೆ ಹೇಳಿಕೊಟ್ಟರು.

"ಇದೆ," ಎಂದ ಅವನು.